ಹೊರೆ ಎಳೆಯುವ ಎಂಜಿನ್ ಮತ್ತು ರುಡಾಲ್ಫ್ ಡೀಸೆಲ್

ಮಕ್ಕಳೇ, ನೀವು ಸೇಲಂನಿಂದ ಧರ್ಮಪುರಿಗೆ ಬಸ್ಸಿನಲ್ಲಿ ಬಂದಿದ್ದೀರಾ? ದಾರಿಯಲ್ಲಿ ತೊಪ್ಪೂರು ಘಾಟಿ ಸಿಗುತ್ತದೆ. ಭಾರ ಹೊತ್ತ ಲಾರಿಗಳು ಅಲ್ಲಿ ಗುರುಗುಟ್ಟುತ್ತಾ ನಿಧಾನವಾಗಿ ಏರುತ್ತವೆ. ಮೋಟಾರ್ ಸೈಕಲ್ಲುಗಳು ಅವನ್ನು ದಾಟಿ ಸರ್ರನೆ ಹೋಗುತ್ತವೆ. ಮೋಟಾರ್ ಸೈಕಲ್ಲಿಗೆ ಪೆಟ್ರೋಲ್ ಬೇಕು, ಲಾರಿಗೆ ಡೀಸೆಲ್ ಬೇಕು. ಈ ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರೆಂದು ನಿಮಗೆ ಗೊತ್ತೇ?

ರುಡಾಲ್ಫ್ ಡೀಸೆಲ್ 1858ರ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಹುಟ್ಟಿದನು. ತಂದೆತಾಯಿ ಜರ್ಮನಿಯವರು. ಊರಿನ ಯಂತ್ರಗಳ ವಸ್ತುಸಂಗ್ರಹಾಲಯವೆಂದರೆ ಬಾಲಕನಿಗೆ ಬಲು ಪ್ರೀತಿ. ಫಿರಂಗಿ ಎಳೆಯಲೆಂದು ಬಹಳ ಹಿಂದೆ ಮಾಡಿದ ಉಗಿಬಂಡಿಯೂ ಅಲ್ಲಿತ್ತು. 1870ರಲ್ಲಿ ಫ್ರಾನ್ಸಿಗೂ ಜರ್ಮನಿಗೂ ಯುದ್ಧವಾಯಿತು. ಕುಟುಂಬವು ಊರು ಬಿಟ್ಟು ಲಂಡನ್ನಿಗೆ ಹೋಯಿತು. ಹನ್ನೆರಡು ವರ್ಷದ ರುಡಾಲ್ಫನನ್ನು ಜರ್ಮನಿಯ ಔಗ್ಸ್‌ಬರ್ಗಿನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಅವನು ಚೆನ್ನಾಗಿ ಓದಿ, ವಿದ್ಯಾರ್ಥಿವೇತನ ಪಡೆದು, ಎಂಜಿನಿಯರ್ ಆದನು.

ಆಗ ಎಲ್ಲೆಲ್ಲೂ ಉಗಿಯಂತ್ರಗಳಿದ್ದವು. ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ಹೆಚ್ಚಿನ ಪಾಲು ವ್ಯರ್ಥವಾಗುತ್ತಿತ್ತು. ಇದನ್ನು ತಪ್ಪಿಸುವುದು ಹೇಗೆಂದು ಡೀಸೆಲ್ ಅವರು ಯೋಚಿಸಿದರು.

ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಕೆಳಭಾಗವನ್ನು ಮುಟ್ಟಿ ನೋಡಿ. ಬಿಸಿಯಾಗಿರುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಬೆಂಕಿ ಹಚ್ಚಲು ವಿದ್ಯುತ್ ಕಿಡಿ ಬೇಕು. ಡೀಸೆಲ್ ಅವರ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ! ಗಾಳಿಯನ್ನು ಬಲವಾಗಿ ಒತ್ತಿ ಕಾಯಿಸುತ್ತಾರೆ. ಅದರೊಳಗೆ ಎಣ್ಣೆ ಬಿದ್ದೊಡನೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಹೇಳುವುದು ಸುಲಭ, ಮಾಡುವುದು ಕಷ್ಟ. 1893ರ ಆಗಸ್ಟಿನಲ್ಲಿ ಔಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಪರೀಕ್ಷೆ ನಡೆಸಿದಾಗ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ಮರುವರ್ಷ ಎಂಜಿನ್ ಸುಮಾರು ಒಂದೇ ನಿಮಿಷ ತಾನಾಗಿ ಓಡಿತು. 1897ರಲ್ಲಿ ನೂರು ಪಾಲು ಶಾಖದಲ್ಲಿ 26 ಪಾಲನ್ನು ಕೆಲಸವಾಗಿ ಮಾರ್ಪಡಿಸಿ ತೋರಿಸಿತು. ಆಗಿನ ಉಗಿಯಂತ್ರಗಳಿಗೆ ಇದು ಆಗದ ಮಾತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಒಂದು ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು. ಹೌದು, ನಮ್ಮ ಹೊಲಗಳಲ್ಲಿ ಬೆಳೆಯುವ ಅದೇ ಕಡಲೆಕಾಯಿ!

ಪೆಟ್ರೋಲ್ ಎಂಜಿನ್ ಹಗುರ, ವೇಗವಾಗಿ ತಿರುಗುತ್ತದೆ. ಡೀಸೆಲ್ ಎಂಜಿನ್ ಹೆಚ್ಚಿನ ಒತ್ತಡ ತಾಳಬೇಕಾದುದರಿಂದ ದಪ್ಪ, ಭಾರ. ಆದರೆ ನಿಧಾನವಾಗಿ ತಿರುಗುವಾಗಲೂ ಬಲವಾಗಿ ಎಳೆಯುತ್ತದೆ, ಇಂಧನವನ್ನೂ ಉಳಿಸುತ್ತದೆ. ಅದರ ಹೊಗೆ ಮಾತ್ರ ಕೆಟ್ಟದ್ದು. ಅಮೆರಿಕದಲ್ಲಿ ಟ್ರೈಲರ್ ಎಳೆಯುವ ದೊಡ್ಡ ಪಿಕಪ್ ವಾಹನಗಳಿಗೆ ಪೆಟ್ರೋಲ್ ಎಂಜಿನ್ನನ್ನೂ ಇಡುತ್ತಾರೆ. ಅದರ ಬೆಲೆ ಕಡಿಮೆ; ಆದರೆ ಹೊರೆ ಎಳೆಯುವಾಗ ಡೀಸೆಲ್ ಎಂಜಿನ್ನಿಗಿಂತ ಹೆಚ್ಚು ಇಂಧನ ಕುಡಿಯುತ್ತದೆ.

ಡೀಸೆಲ್ ಅವರ ಮೊದಲ ಎಂಜಿನ್ ಮನುಷ್ಯನಿಗಿಂತ ಎತ್ತರವಾಗಿತ್ತು. ಅದನ್ನು ಲಾರಿಗೆ ಕೂರಿಸುವಷ್ಟು ಚಿಕ್ಕದು ಮಾಡಲು ಅವರು ಯತ್ನಿಸಿದರು, ಕೈಗೂಡಲಿಲ್ಲ. ಗಳಿಸಿದ ಹಣ ಕರಗಿ ಸಾಲವಾಯಿತು, ಆರೋಗ್ಯವೂ ಕೆಟ್ಟಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಅವರು ಬೆಳಗಾಗುವಷ್ಟರಲ್ಲಿ ಕಾಣೆಯಾಗಿದ್ದರು. ಕೆಲವು ದಿನಗಳ ನಂತರ ಸಮುದ್ರದಲ್ಲಿ ಅವರ ದೇಹ ಸಿಕ್ಕಿತು.

ಸುಮಾರು ಹತ್ತು ವರ್ಷ ಕಳೆದು, 1923-24ರಲ್ಲಿ ಜರ್ಮನಿಯ ಲಾರಿಗಳಿಗೆ ಡೀಸೆಲ್ ಎಂಜಿನ್ ಬಂದಿತು. ಅಂಥ ಲಾರಿಗಳನ್ನು ಮಾಡಿದವರಲ್ಲಿ, ಅವರ ಮೊದಲ ಎಂಜಿನ್ ಓಡಿದ ಔಗ್ಸ್‌ಬರ್ಗಿನ ಕಾರ್ಖಾನೆಯವರೂ ಇದ್ದರು.