ಮಲ್ಲಸಮುದ್ರದಲ್ಲಿ ಕಳೆದುಹೋದದ್ದು

ಪ್ರತಿ ವರ್ಷ ಜುಲೈ 1 ಬಂತೆಂದರೆ ನಾಡಿನ ಊರೂರುಗಳಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ರೋಣ, ನರಗುಂದ, ಗಜೇಂದ್ರಗಡಗಳಲ್ಲಿಯೂ ಹರ್ಮನ್ ಮೋಗ್ಲಿಂಗ್ ಅವರ ಹೆಸರನ್ನು ಭಕ್ತಿಯಿಂದ ನೆನೆಯುವುದನ್ನು ಕೇಳಿದ್ದೇನೆ. ಕನ್ನಡದ ಮೊದಲ ಪತ್ರಿಕೆಯ ಸಂಪಾದಕ ಎಂಬಲ್ಲಿಗೆ ಅವರ ಬದುಕಿನ ಕಥೆ ಮುಗಿದುಬಿಡುತ್ತದೆ. ಆ ಪತ್ರಿಕೆ ಹೊರಡುವುದಕ್ಕೆ ಎರಡೇ ವರ್ಷ ಮೊದಲು, ನಮ್ಮ ಗದಗ ಸೀಮೆಯ ಕಪ್ಪು ನೆಲದಲ್ಲಿ ಅವರು ಕಟ್ಟಿದ್ದ ಬಹುದೊಡ್ಡ ಕನಸೊಂದು ಕುಸಿಯತೊಡಗಿತ್ತು ಎಂಬುದನ್ನು ಯಾವ ಭಾಷಣಕಾರರೂ ಹೇಳಿದ್ದು ನನಗೆ ನೆನಪಿಲ್ಲ. ನನ್ನನ್ನು ಅವರತ್ತ ಎಳೆದದ್ದು ಆ ಸೋಲೇ.

ನಾನು ಹುಟ್ಟಿ ಬೆಳೆದದ್ದು ಗಜೇಂದ್ರಗಡದ ಒಂದು ಕ್ರೈಸ್ತ ಮನೆಯಲ್ಲಿ. ಹಿತ್ತಲಿನಿಂದ ಕಾಲಕಾಲೇಶ್ವರನ ಬೆಟ್ಟ ಕಾಣುತ್ತಿತ್ತು. ಓಣಿಯ ತುಂಬ ಮಗ್ಗಗಳ ಸದ್ದು. ಅವ್ವ ಹಾಸಿಗೆ ಹಿಡಿದಾಗ ನನಗೆ ಇಪ್ಪತ್ತೆರಡು ವರ್ಷ. ಅವಳು ಉಳಿಯಲೆಂದು ಹಗಲಿರುಳು ಪ್ರಾರ್ಥಿಸಿದೆ. ಅವಳು ಉಳಿಯಲಿಲ್ಲ. ಆ ಭಾನುವಾರದಿಂದ ಹದಿನಾರು ವರ್ಷಗಳ ಕಾಲ ನಾನು ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಮೋಗ್ಲಿಂಗ್ ಅವರ ಜೀವನವನ್ನು ಓದತೊಡಗಿದ್ದು ಆ ಅವಧಿಯ ಕೊನೆಯಲ್ಲಿ, ಕೇವಲ ಭಾಷೆಯ ಮೇಲಿನ ಅಭಿಮಾನದಿಂದ.

ಮೋಗ್ಲಿಂಗ್ ಜನಿಸಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕೆನ್‌ಹೈಮ್‌ನಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಅವರು ಧರ್ಮಶಾಸ್ತ್ರ ಓದಿದ ಕಾಲ ಶಾಂತವಾದ ಕಾಲವಾಗಿರಲಿಲ್ಲ. ಯೇಸುವಿನ ಚರಿತ್ರೆಯಲ್ಲಿ ಬಹುಪಾಲು ಪುರಾಣವೆಂದು 1835ರಲ್ಲಿ ಗ್ರಂಥ ಬರೆದು ಯುರೋಪನ್ನೇ ಕಲಕಿದ ಡೇವಿಡ್ ಸ್ಟ್ರಾಸ್ ಅಲ್ಲಿಯೇ ಅಧ್ಯಾಪಕರಾಗಿದ್ದರು. ಮುಂದೆ ಮಲಯಾಳಂ ನಿಘಂಟಿನಿಂದ ಪ್ರಸಿದ್ಧರಾದ ಹರ್ಮನ್ ಗುಂಡರ್ಟ್ ಸ್ಟ್ರಾಸ್ ಅವರ ಶಿಷ್ಯರು, ಮೋಗ್ಲಿಂಗ್ ಅವರ ಗೆಳೆಯರು. ಗುಂಡರ್ಟ್ ತಾರುಣ್ಯದಲ್ಲಿ ನಂಬಿಕೆಯನ್ನು ಕಳೆದುಕೊಂಡು, ಅಲ್ಲಿಯೇ ಓದುತ್ತಿರುವಾಗ ಮರಳಿ ಪಡೆದವರು. ಪಾದ್ರಿಗಳೆಂದರೆ ಸಂಶಯವನ್ನೇ ಅರಿಯದವರೆಂದು ನಾವು ಭಾವಿಸುವುದುಂಟು. ಈ ತಲೆಮಾರಿನವರು ಸಂಶಯದ ಗಾಳಿ ಬೀಸುವ ಅಂಗಳದಿಂದಲೇ ಹಡಗು ಹತ್ತಿದರು.

1836ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದ ಮೋಗ್ಲಿಂಗ್, ಕೆಲಕಾಲದ ಬಳಿಕ ಧಾರವಾಡ, ಹುಬ್ಬಳ್ಳಿಗಳ ಕಡೆಗೆ ನಡೆದರು. 1840ರ ಸುಮಾರಿಗೆ ಅಲ್ಲಿಯ ಮಿಷನರಿಗಳ ಬಳಿಗೆ ಕಾಲಜ್ಞಾನದ ನುಡಿಗಳನ್ನು ನಂಬಿದ ಒಂದು ಪಂಗಡದವರು ಬಂದರು. ಹೊರನಾಡಿನಿಂದ ಬರುವವರು ಧರ್ಮದ ರಾಜ್ಯವನ್ನು ತರುವರೆಂಬ ನಿರೀಕ್ಷೆ ಅವರದು. ಬಂದವರು ಇವರೇ ಇರಬಹುದೇ ಎಂಬ ಕುತೂಹಲ ಅವರಿಗೆ. ಸಾವಿರಾರು ಜನ ಒಮ್ಮೆಗೇ ಕ್ರಿಸ್ತನ ಕಡೆಗೆ ತಿರುಗುವರೆಂಬ ಭರವಸೆ ಇವರಿಗೆ. ಹೀಗೆ 1841ರಲ್ಲಿ ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ, ಸರ್ಕಾರದಿಂದ ಪಡೆದ ಭೂಮಿಯಲ್ಲಿ ಒಂದು ಕ್ರೈಸ್ತ ವಸಾಹತು ಆರಂಭವಾಯಿತು. ಬಂದವರು ಉತ್ತು ಬಿತ್ತಿ ಬದುಕಬೇಕು, ಅವರ ಸುತ್ತ ಒಂದು ಹೊಸ ಸಮಾಜ ಬೆಳೆಯಬೇಕು ಎಂಬುದು ಯೋಜನೆ.

ಆದರೆ ಕಾಲಜ್ಞಾನಿಗಳು ಬಂದು ನೆಲೆಸಲಿಲ್ಲ. ಎರಡೂ ಕಡೆಯವರು ಒಬ್ಬರಲ್ಲೊಬ್ಬರು ತಮ್ಮದೇ ಕನಸನ್ನು ಕಂಡಿದ್ದರು. ತಮ್ಮ ಮಠವನ್ನು, ಬಂಧುಬಳಗವನ್ನು, ಜಾತಿಯ ಆಸರೆಯನ್ನು ತೊರೆದು ಬರಲು ಅವರಿಗೆ ಕಾರಣವಿರಲಿಲ್ಲ. ಅದನ್ನು ತಪ್ಪೆಂದು ಹೇಳಲು ನನಗೆ ಮನಸ್ಸಿಲ್ಲ. ವಸಾಹತು ಕೆಲವು ವರ್ಷ ಕುಂಟುತ್ತ ನಡೆದು ನಿಂತುಹೋಯಿತು. ಮೋಗ್ಲಿಂಗ್ ಅದಕ್ಕೂ ಮೊದಲೇ ಮಂಗಳೂರಿಗೆ ಮರಳಿದ್ದರು.

ದೊಡ್ಡ ಫಲವನ್ನು ಕಣ್ಣಮುಂದೆ ಕಂಡು ಕಳೆದುಕೊಂಡವನು ಏನು ಮಾಡುತ್ತಾನೆ? ಅವರು ಸಣ್ಣ ಕೆಲಸಗಳಿಗೆ ಕೈಹಾಕಿದರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಬಂತು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಬಹುಕಾಲ ಬಾಳಲಿಲ್ಲ. 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕನ್ನಡದ ಕಾವ್ಯಗಳು ಅಚ್ಚಾದವು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಹಣ ಒದಗಿಸಿದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ತಾಳೆಯೋಲೆಯಿಂದ ಪುಸ್ತಕಕ್ಕೆ ಇಳಿದವು. ತನ್ನ ಧರ್ಮಕ್ಕೆ ಜನರನ್ನು ಕರೆಯಲು ಬಂದ ಮನುಷ್ಯ ಆ ಜನರ ದೇವರ ಹಾಡುಗಳನ್ನು ಹುಡುಕಿ ಕಾಪಾಡಿದ. ಜನರ ಮನಸ್ಸನ್ನು ಅರಿಯುವುದು ಅವರ ಉದ್ದೇಶಗಳಲ್ಲೊಂದಾಗಿತ್ತು, ನಿಜ. ಉದ್ದೇಶವನ್ನು ಮೀರಿ ಬೆಳೆದ ಕೆಲಸ ಅದು.

1853ರಲ್ಲಿ ಸ್ವದೇಶಕ್ಕೆ ಹೊರಡುವ ಯೋಚನೆಯಲ್ಲಿದ್ದಾಗ ಕೊಡಗಿನ ಅಲ್ಮಂಡ ಸೋಮಯ್ಯ ಎಂಬ ಸಾಧಕ ಅವರನ್ನು ಅರಸಿ ಬಂದರು. ಮಲ್ಲಸಮುದ್ರದಲ್ಲಿ ಸಾವಿರಾರು ಜನರಿಗಾಗಿ ಕಾದಿದ್ದ ಮೋಗ್ಲಿಂಗ್, ಈಗ ಒಬ್ಬನೇ ಮನುಷ್ಯನಿಗಾಗಿ ಪ್ರಯಾಣವನ್ನು ಕೈಬಿಟ್ಟು ಅವರೊಡನೆ ಕೊಡಗಿನ ಘಟ್ಟ ಹತ್ತಿದರು. ಮುಂದೆ ತೋಟಗಳಲ್ಲಿ ಜೀತದಂತೆ ದುಡಿಯುತ್ತಿದ್ದ ಹೊಲೆಯರಿಗಾಗಿ ಆನಂದಪುರವೆಂಬ ನೆಲೆ ಹುಟ್ಟಿತು. ಹಳೆಯ ಕನಸೇ ಅದು, ಆದರೆ ಭವಿಷ್ಯವಾಣಿಯ ಆಸರೆಯಿಲ್ಲದೆ ಕಣ್ಣೆದುರಿನ ಸಂಕಟದ ಮೇಲೆ ಕಟ್ಟಿದ್ದು. ಅವರ ನಂಬಿಕೆ ಮತ್ತೆ ಚಿಗುರಿದ್ದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ.

1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ನರಗುಂದದ ಬಾಬಾಸಾಹೇಬರು ದತ್ತಕದ ಹಕ್ಕನ್ನು ನಿರಾಕರಿಸಿದ ಕಂಪನಿಯ ಮೇಲೆ ಬಂಡೆದ್ದು ಗಲ್ಲಿಗೇರಿದರು. ಮಿಷನ್ನಿನವರು ಆ ಕಂಪನಿಯ ನೆರಳಿನಲ್ಲಿಯೇ ಶಾಲೆ ಕಟ್ಟಿದರು, ಭೂಮಿ ಪಡೆದರು. ಮೋಗ್ಲಿಂಗ್ ಅವರನ್ನು ನೆನೆಯುವಾಗ ಈ ಸತ್ಯವನ್ನು ಮರೆಮಾಚಬಾರದು. ನರಗುಂದದ ಗುಡ್ಡವನ್ನು ನೋಡುತ್ತ ಬೆಳೆದ ಕ್ರೈಸ್ತನಾಗಿ ನಾನು ಎರಡೂ ನೆನಪುಗಳಿಗೆ ವಾರಸುದಾರ.

ಪತ್ನಿಯ ಅನಾರೋಗ್ಯದಿಂದಾಗಿ ಮೋಗ್ಲಿಂಗ್ 1860ರಲ್ಲಿ ಭಾರತವನ್ನು ಬಿಟ್ಟರು. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ನಿಧನರಾದರು. ಮರುವರ್ಷ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದವರು ಹಳೆಯ ಗೆಳೆಯ ಗುಂಡರ್ಟ್.

ಹಿಂದೊಮ್ಮೆ ಗದಗಿಗೆ ಹೋದಾಗ ಮಲ್ಲಸಮುದ್ರದ ದಾರಿ ಹಿಡಿದೆ. ಹೊಲಗಳಲ್ಲಿ ಹಿಂಗಾರಿನ ಜೋಳ ನಿಂತಿತ್ತು. ನಾನು ಅವ್ವನ ಜೀವವನ್ನು ಕೇಳಿದ್ದೆ, ಸಿಗಲಿಲ್ಲವೆಂದು ಲೆಕ್ಕ ಮುಗಿಸಿದ್ದೆ. ಇಲ್ಲಿ ಒಬ್ಬ ಮನುಷ್ಯ ಕೇಳಿದ್ದು ಸಿಗದೆ ಹೋದ ಮೇಲೂ ಇಪ್ಪತ್ತು ವರ್ಷ ಈ ನಾಡಿಗಾಗಿ ದುಡಿದಿದ್ದ. ಅದರಿಂದ ನನ್ನ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ಉತ್ತರವಿಲ್ಲದೆಯೂ ನಂಬಬಹುದೆಂಬುದು ಮಾತ್ರ ತಿಳಿಯಿತು. ಮುಂದಿನ ಭಾನುವಾರ ದೇವಾಲಯದ ಕೊನೆಯ ಬೆಂಚಿನಲ್ಲಿ ಹೋಗಿ ಕುಳಿತೆ. ಏನನ್ನೂ ಕೇಳಲಿಲ್ಲ. ಅವ್ವ ಹಾಡುತ್ತಿದ್ದ ಕೀರ್ತನೆಗೆ ದನಿಗೂಡಿಸಿದೆ.