ಮಕ್ಕಳ ತೋಟಗಾರನಾದ ಫ್ರೆಡ್ರಿಕ್ ಫ್ರೋಬೆಲನ ಚರಿತ್ರೆ

ಇಳಕಲ್ಲಿನಲ್ಲಿಯೂ ಗುಳೇದಗುಡ್ಡದಲ್ಲಿಯೂ ನೇಕಾರರ ಮನೆಗಳಿಗೆ ಹೋದಾಗ ನಾವು ಅನೇಕ ಸಾರಿ ಒಂದೇ ನೋಟವನ್ನು ಕಂಡಿದ್ದೇವೆ. ತಂದೆಯು ಕುಣಿಮಗ್ಗದಲ್ಲಿ ಕೂತು ಲಾಳಿ ಓಡಿಸುತ್ತಿರುವನು. ತಾಯಿಯು ರಾಟಿಯ ಮುಂದೆ ಕಂಡಿಕೆ ಸುತ್ತುತ್ತಿರುವಳು. ಮೂರು ವರುಷದ ಕೂಸು ನೂಲಿಗೆ ಕೈ ಚಾಚಿ, ಪೆಟ್ಟು ತಿಂದು, ಅಳುತ್ತಾ ಹೊಸ್ತಿಲ ಮೇಲೆ ಹೋಗಿ ಕೂಡ್ರುವದು. ಹುನಗುಂದ, ಬಾದಾಮಿ ಸೀಮೆಯ ಒಕ್ಕಲುತನದ ಮನೆಗಳಲ್ಲಿಯೂ ಬಾಗಲಕೋಟೆಯ ಪೇಟೆಯಲ್ಲಿಯೂ ಸಂಗತಿಯು ಬೇರೆಯಲ್ಲ. ಈಗಲಂತೂ ಅಳುವ ಮಗುವಿನ ಕೈಗೆ ಮೊಬೈಲ್ ಫೋನು ಕೊಟ್ಟು ಸುಮ್ಮನಿರಿಸುವ ವಾಡಿಕೆಯು ಬಂದಿದೆ. ಈ ತಂದೆತಾಯಿಗಳಲ್ಲಿ ಪ್ರೀತಿಯಿಲ್ಲವೆಂದು ನಾವು ಹೇಳುವದಿಲ್ಲ. ದುಡಿಮೆಯು ಬಹಳ, ಹೊತ್ತು ಸಾಲದು. ಆದರೂ ಚಿಕ್ಕ ಮಕ್ಕಳ ಆಟವು ಕೆಲಸಕ್ಕೆ ಅಡ್ಡಿಯೆಂಬ ಎಣಿಕೆಯು ಸರಿಯೋ? ಈ ಪ್ರಶ್ನೆಗೆ ತನ್ನ ಜೀವಮಾನವನ್ನೇ ಉತ್ತರವಾಗಿ ಕೊಟ್ಟ ಒಬ್ಬ ಮನುಷ್ಯನ ಚರಿತ್ರೆಯನ್ನು ಈ ತಿಂಗಳು ವಾಚಕರ ಮುಂದೆ ಇಡುತ್ತೇವೆ.

ಫ್ರೆಡ್ರಿಕ್ ಫ್ರೋಬೆಲನು 1782ನೇ ಇಸವಿಯ ಏಪ್ರಿಲ್ 21ರಂದು ಜರ್ಮನಿಯ ಥುರಿಂಗಿಯಾ ಸೀಮೆಯ ಓಬರ್‌ವೈಸ್‌ಬಾಖ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಹುಟ್ಟಿದನು. ಆತನ ತಂದೆಯು ಆ ಸ್ಥಳದ ಲೂಥರನ್ ಸಭೆಯ ಬೋಧಕನಾಗಿದ್ದನು. ಕೂಸಿಗೆ ಒಂದು ವರುಷ ತುಂಬುವದರೊಳಗೆ ತಾಯಿಯು ತೀರಿಕೊಂಡಳು. ತಂದೆಗೆ ಸಭೆಯ ಕೆಲಸವು ಹೊರಲಾರದ ಭಾರವಾಗಿತ್ತು. ಮಲತಾಯಿಯು ಮೊದಲು ಹುಡುಗನನ್ನು ಅಕ್ಕರೆಯಿಂದ ಕಂಡರೂ ತನಗೆ ಸ್ವಂತ ಮಗು ಹುಟ್ಟಿದ ಮೇಲೆ ದೂರ ಸರಿಸಿದಳು. ತಂದೆಯು ಸಹ ಇವನನ್ನು ಮಂದಬುದ್ಧಿಯವನೆಂದು ಎಣಿಸಿದನು. ಹೀಗೆ ಹುಡುಗನು ಮನೆಯಲ್ಲಿದ್ದೂ ಮನೆಯಿಲ್ಲದವನಂತೆ ಬೆಳೆದನು. ಆತನು 10 ವರುಷದವನಾದಾಗ ತಾಯಿಯ ಅಣ್ಣನು ಕರಕೊಂಡು ಹೋಗಿ ತನ್ನ ಬಳಿಯಲ್ಲಿ ಇಟ್ಟುಕೊಂಡನು. ಆ ಸೋದರಮಾವನ ಮನೆಯಲ್ಲಿಯೇ ಆತನು ಮೊದಲನೇ ಸಾರಿ ನಂಬಿಕೆಯನ್ನೂ ನಗುವನ್ನೂ ಓರಗೆಯವರೊಡನೆ ಆಟವನ್ನೂ ಕಂಡನು. ಒಂದು ಮಗುವು ಎರಡು ಮನೆಗಳಲ್ಲಿ ಎರಡು ವಿಧವಾಗಿ ಬೆಳೆಯಬಲ್ಲದೆಂಬದನ್ನು ಆತನು ಪುಸ್ತಕದಿಂದಲ್ಲ, ತನ್ನ ಅನುಭವದಿಂದಲೇ ಕಲಿತನು.

ತರುವಾಯ ಆತನು ಎರಡು ವರುಷ ಅರಣ್ಯದ ಅಧಿಕಾರಿಯೊಬ್ಬನ ಕೈಕೆಳಗೆ ಕೆಲಸ ಕಲಿತು, ಗಿಡಮರಗಳ ಬೆಳವಣಿಗೆಯನ್ನು ಚೆನ್ನಾಗಿ ಅರಿತನು. ಯೇನಾ ಪಟ್ಟಣದಲ್ಲಿ ಓದುತ್ತಿದ್ದಾಗ ಸಾಲ ತೀರಿಸಲಾರದೆ ಕೆಲವು ವಾರ ಸೆರೆಯಲ್ಲಿಯೂ ಇದ್ದನು. 1805ರಲ್ಲಿ ಫ್ರಾಂಕ್‌ಫರ್ಟಿನ ಒಂದು ಶಾಲೆಯಲ್ಲಿ ಮಕ್ಕಳ ಮುಂದೆ ನಿಂತಾಗಲೇ ತನ್ನ ಕೆಲಸ ಯಾವದೆಂದು ಆತನಿಗೆ ತಿಳಿಯಿತು. ಆಮೇಲೆ 1808ರಿಂದ ಎರಡು ವರುಷ ಸ್ವಿಟ್ಜರ್ಲೆಂಡಿನಲ್ಲಿ ಪೆಸ್ತಲಾಜಿ ಎಂಬ ಪ್ರಖ್ಯಾತ ಉಪಾಧ್ಯಾಯನ ಬಳಿಯಲ್ಲಿದ್ದು ಬೋಧನಾಕ್ರಮವನ್ನು ಅಭ್ಯಾಸ ಮಾಡಿದನು. 1813ರಲ್ಲಿ ಆತನ ಅಣ್ಣನಾದ ಕ್ರಿಸ್ಟೋಫನು ಜ್ವರದಿಂದ ಸತ್ತು, ಹೆಂಡತಿಯೂ ಗಂಡುಮಕ್ಕಳೂ ಅನಾಥರಾದರು. ಫ್ರೋಬೆಲನು ತನಗಿದ್ದ ಉದ್ಯೋಗವನ್ನು ಬಿಟ್ಟು ಬಂದು, 1816ರಲ್ಲಿ ಅಣ್ಣಂದಿರ ಐದು ಮಂದಿ ಮಕ್ಕಳನ್ನು ಕೂಡಿಸಿಕೊಂಡು ಶಾಲೆಯನ್ನು ಆರಂಭಿಸಿದನು. ಮರುವರುಷ ಅದು ಕೈಲ್‌ಹೌ ಎಂಬ ಹಳ್ಳಿಗೆ ಹೋಯಿತು. ಆತನು ಎರಡು ಸಾರಿ ಮದುವೆಯಾದರೂ ಸ್ವಂತ ಮಕ್ಕಳಾಗಲಿಲ್ಲ.

ಅನೇಕ ವರುಷ ದೊಡ್ಡ ಹುಡುಗರಿಗೆ ಕಲಿಸಿದ ಮೇಲೆ ಆತನಿಗೆ ಒಂದು ಮಾತು ಸ್ಪಷ್ಟವಾಯಿತು. ಶಾಲೆಗೆ ಬರುವದರೊಳಗೆ ಮಗುವಿನ ಅಸ್ತಿವಾರವು ಹಾಕಿಯಾಗಿರುತ್ತದೆ. ಅದನ್ನು ಹಾಕುವವಳು ತಾಯಿಯೇ. ಆದದರಿಂದ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳ ಆಟಕ್ಕಾಗಿ ಒಂದು ಸಂಸ್ಥೆಯನ್ನು ತೆರೆದನು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ತೋಟಗಾರನು ಸಸಿಯನ್ನು ಹಿಡಿದು ಎಳೆದು ಬೆಳೆಸುವದಿಲ್ಲ; ನೀರು, ಬಿಸಿಲು, ಗೊಬ್ಬರಗಳನ್ನು ಒದಗಿಸಿ ಕಾಯುತ್ತಾನೆ. ಮಗುವಿಗೆ ಆಟವೇ ಆ ನೀರು ಬಿಸಿಲುಗಳೆಂಬದು ಆತನ ನಂಬಿಕೆಯಾಗಿತ್ತು. 1844ರಲ್ಲಿ ತಾಯಂದಿರು ಮನೆಯಲ್ಲಿ ಕೂಸುಗಳನ್ನು ಆಡಿಸುವದಕ್ಕಾಗಿ ಚಿತ್ರಗಳೂ ಪದಗಳೂ ಬೆರಳಾಟಗಳೂ ಉಳ್ಳ ಪುಸ್ತಕವನ್ನು ಪ್ರಕಟಿಸಿದನು.

ಆತನು ಹೇಳಿಕೊಟ್ಟ ಆಟಗಳಿಗೆ ಹಣವು ಬೇಕಾಗಿಲ್ಲವೆಂಬದನ್ನು ನಮ್ಮ ಸಭೆಗಳ ತಾಯಂದಿರು ಲಕ್ಷ್ಯಕ್ಕೆ ತರಬೇಕು. ಮೊದಲನೇ ಆಟಿಕೆಯು ಆರು ಬಣ್ಣಗಳ ಮೆತ್ತಗಿನ ನೂಲಿನ ಚೆಂಡುಗಳು. ಮಗ್ಗದ ಮನೆಯಲ್ಲಿ ಉಳಿದ ಬಣ್ಣದ ನೂಲಿಗೆ ಕೊರತೆಯುಂಟೇ? ಚಿಂದಿ ಬಟ್ಟೆಯ ಉಂಡೆಗೆ ನೂಲು ಸುತ್ತಿ, ದಾರ ಕಟ್ಟಿ, ಕೂಸಿನ ಮುಂದೆ ತೂಗಿರಿ. ಸೆರಗಿನಲ್ಲಿ ಅಡಗಿಸಿ ತಿರಿಗಿ ತೋರಿಸಿರಿ. ಕಾಣದೆ ಹೋದದ್ದು ಮರಳಿ ಬರುವದೆಂಬ ದೊಡ್ಡ ಪಾಠವನ್ನು ಕೂಸು ನಗುತ್ತಲೇ ಕಲಿಯುವದು. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಿರಿ. ಎರಡನೆಯದು ಮರದ ಗುಂಡು, ಚೌಕಟ್ಟಿನ ತುಂಡು, ಉರುಳೆ. ಮೂರನೆಯದು ಎಂಟು ಸಮತುಂಡುಗಳಾಗಿ ಬಿಚ್ಚಬಹುದಾದ ಚೌಕದ ಗಟ್ಟಿ. ಬಡಿಗನ ಮನೆಯಲ್ಲಿ ಬಿದ್ದ ತುಂಡುಗಳ ಮುಳ್ಳು ತೆಗೆದು ನುಣುಪು ಮಾಡಿದರೆ ಸಾಕು. ಮಗುವು ಮನೆಯನ್ನೂ ಬಂಡಿಯನ್ನೂ ಬಾವಿಯ ಕಟ್ಟೆಯನ್ನೂ ತಾನೇ ಕಟ್ಟುವದು, ಕೆಡವುವದು, ಮತ್ತೆ ಕಟ್ಟುವದು.

ನೆನಸಿದ ಬಟಾಣಿ ಕಾಳಿಗೆ ಕಡ್ಡಿ ಚುಚ್ಚಿ ರೂಪಗಳನ್ನು ಜೋಡಿಸುವ ಆಟವೂ ಫ್ರೋಬೆಲನ ಮಕ್ಕಳಿಗಿತ್ತು. ನಮ್ಮ ಹೊಲಗಳ ಮಕ್ಕಳು ಜೋಳದ ದಂಟಿನ ಸಿಪ್ಪೆಯನ್ನು ಅದರ ಬೆಂಡಿಗೆ ಚುಚ್ಚಿ ಬಂಡಿ ಮಾಡುವದು ಇದೇ ಅಲ್ಲವೇ? ಬಣ್ಣದ ಕಾಗದವನ್ನು ಪಟ್ಟಿಗಳಾಗಿ ಕತ್ತರಿಸಿ ಹಾಸು ಹೊಕ್ಕುಗಳಂತೆ ಹೆಣೆಯುವದು, ಕಾಗದ ಮಡಚುವದು, ಮಣ್ಣಿನಲ್ಲಿ ಗೊಂಬೆ ಮಾಡುವದು ಸಹ ಆತನ ಪಾಠಗಳಲ್ಲಿದ್ದವು. ನೇಕಾರನ ಮಗುವಿಗೆ ಕಾಗದದ ಹೆಣಿಕೆಯನ್ನೂ ಒಕ್ಕಲಿಗನ ಮಗುವಿಗೆ ಎರೆಮಣ್ಣಿನ ಎತ್ತನ್ನೂ ಕಲಿಸುವದಕ್ಕೆ ಹೊರಗಿನ ಗುರುವು ಬೇಕಾಗಿಲ್ಲ. ಆದರೆ ಒಂದು ಎಚ್ಚರಿಕೆಯುಂಟು: ಮೂರು ವರುಷದೊಳಗಿನ ಕೂಸಿನ ಕೈಗೆ ಕಾಳು, ಮಣಿಗಳನ್ನು ಕೊಡಲೇಬಾರದು, ಅವು ಗಂಟಲಲ್ಲಿಯೂ ಮೂಗಿನಲ್ಲಿಯೂ ಸಿಕ್ಕಿ ಪ್ರಾಣಾಪಾಯವಾದೀತು. ದೊಡ್ಡ ಮಗುವಾದರೂ ಹಿರಿಯರ ಕಣ್ಣೆದುರಿನಲ್ಲಿಯೇ ಆಡಲಿ.

ಆತನ ಪುಸ್ತಕದ ಒಂದು ಆಟದಲ್ಲಿ ಮಗುವು ಅಂಗೈ ತಟ್ಟಿ ರೊಟ್ಟಿ ಮಾಡುವಂತೆ ಆಡುತ್ತದೆ. ರೊಟ್ಟಿಗೆ ಹಿಟ್ಟು, ಹಿಟ್ಟಿಗೆ ಬೀಸುವವನು, ಕಾಳಿಗೆ ರೈತನು, ಬೆಳೆಗೆ ದೇವರು ಎಂದು ಮೆಟ್ಟಿಲು ಮೆಟ್ಟಿಲಾಗಿ ಮಗುವಿನ ಮನಸ್ಸನ್ನು ಉಪಕಾರಸ್ಮರಣೆಗೆ ನಡಿಸುವದು ಆತನ ಅಭಿಪ್ರಾಯವಾಗಿತ್ತು. ಜೋಳದ ರೊಟ್ಟಿ ಬಡಿಯುವ ತಾಯಿಯು ಒಂದು ಚಿಕ್ಕ ಹಿಟ್ಟಿನ ಉಂಡೆಯನ್ನು ಒಲೆಯಿಂದ ದೂರ ಕೂತ ಮಗುವಿಗೆ ಕೊಟ್ಟು ಈ ಮಾತುಗಳನ್ನಾಡಿದರೆ ಆಕೆಯ ಕೆಲಸವು ನಿಲ್ಲುವದಿಲ್ಲ. ಇದಲ್ಲದೆ ಫ್ರೋಬೆಲನು ಒಂದೊಂದು ಮಗುವಿಗೆ ಒಂದೊಂದು ಚಿಕ್ಕ ಪಾತಿಯನ್ನು ಕೊಟ್ಟಿದ್ದನು. ಒಡೆದ ಗಡಿಗೆಯಲ್ಲಿ ಮೆಂತೆಯನ್ನು ಬಿತ್ತಿದರೆ ಕೆಲವೇ ದಿವಸಗಳಲ್ಲಿ ಮೊಳಕೆ ಬರುವದು. ನೀರೆರೆಯುವ ಭಾರವನ್ನು ಮಗುವೇ ಹೊರಲಿ.

ಈ ಒಳ್ಳೇ ಕೆಲಸಕ್ಕೆ ಕಡೆಯಲ್ಲಿ ದೊಡ್ಡ ವಿಘ್ನವು ಬಂತು. 1851ರ ಆಗಸ್ಟ್ ತಿಂಗಳಲ್ಲಿ ಪ್ರಷ್ಯ ಸರಕಾರವು ಈ ಮಕ್ಕಳ ತೋಟಗಳು ನಾಸ್ತಿಕತನವನ್ನು ಬೆಳೆಸುತ್ತವೆಂದು ಅವನ್ನು ನಿಷೇಧಿಸಿತು. ಆತನ ಅಣ್ಣನ ಮಗನಾದ ಕಾರ್ಲ್ ಫ್ರೋಬೆಲನ ಬರಹಗಳನ್ನು ಈತನವೆಂದು ಎಣಿಸಿದ್ದೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಬೋಧಕನ ಮನೆಯಲ್ಲಿ ಹುಟ್ಟಿ, ಮಗುವಿನ ಆಟದಲ್ಲಿಯೂ ದೇವರ ಕೈಯನ್ನು ಕಂಡ ಮುದುಕನಿಗೆ ಈ ಅಪವಾದವು ಅತಿ ನೋವನ್ನು ಕೊಟ್ಟಿತು. ಎಷ್ಟು ಬಿನ್ನವಿಸಿದರೂ ನಿಷೇಧವು ತೆಗೆಯಲ್ಪಡಲಿಲ್ಲ. 1852ರ ಜೂನ್ 21ರಂದು, 70 ವರುಷದ ಪ್ರಾಯದಲ್ಲಿ, ಆತನು ಮರಿಯೆನ್‌ಥಾಲ್ ಎಂಬಲ್ಲಿ ತೀರಿಹೋದನು. ನಿಷೇಧವು ಎದ್ದದ್ದು 1860ರಲ್ಲಿ. ಅದನ್ನು ನೋಡಲು ಆತನು ಇರಲಿಲ್ಲ. ಶ್ವೈನಾ ಎಂಬ ಊರಿನಲ್ಲಿರುವ ಆತನ ಸಮಾಧಿಯ ಮೇಲೆ ಚೌಕದ ಗಟ್ಟಿ, ಉರುಳೆ, ಗುಂಡು, ಈ ಮೂರು ಆಟಿಕೆಗಳ ಆಕಾರದ ಕಲ್ಲುಗಳೇ ನಿಂತಿವೆ. ಆತನ ಶಿಷ್ಯೆಯರಾದರೋ ಆ ಕೆಲಸವನ್ನು ಬಿಡದೆ ಅನೇಕ ದೇಶಗಳಿಗೆ ಒಯ್ದರು. 1975ರಿಂದ ನಮ್ಮ ದೇಶದಲ್ಲಿ ನಡೆಯುತ್ತಿರುವ ಅಂಗನವಾಡಿಗಳಲ್ಲಿ ಮಕ್ಕಳು ಹಾಡಿ ಆಡಿ ಕಲಿಯುವಾಗ ಅದೇ ವಿಚಾರದ ಫಲವನ್ನು ನಾವು ನೋಡಬಹುದು.

ಪ್ರಿಯ ವಾಚಕರೇ, ತಾಯಿಯ ಕೈಯಾಟವನ್ನು ಕಾಣದ ಮಗುವೇ ಲೋಕದ ತಾಯಂದಿರಿಗೆ ಕೈಯಾಟವನ್ನು ಕಲಿಸಿತು. ತನಗೆ ಸಿಕ್ಕದ್ದನ್ನು ಇತರರಿಗೂ ಸಿಕ್ಕದಂತೆ ಮಾಡುವವರು ಬಹಳ ಮಂದಿ. ತನಗೆ ಸಿಕ್ಕದ್ದನ್ನೇ ಇತರರಿಗೆ ಕೊಡುವವರು ಸ್ವಲ್ಪ ಮಂದಿ. ನಮ್ಮ ಮಕ್ಕಳಿಗೆ ತಾಯಿಯೂ ತಂದೆಯೂ ಮನೆಯಲ್ಲಿಯೇ ಇದ್ದಾರೆ. ಮಗ್ಗದಿಂದ ಎದ್ದ ತಂದೆಯು ಊಟಕ್ಕೆ ಮುಂಚೆ ಅರ್ಧ ತಾಸು ನೆಲದ ಮೇಲೆ ಕೂತು ಮಗುವಿನೊಡನೆ ಚೆಂಡು ಉರುಳಿಸಲಿ. ಹೊಸ್ತಿಲ ಮೇಲೆ ಅಳುತ್ತಾ ಕೂತ ಆ ಕೂಸನ್ನು ಇಂದೇ ಒಳಗೆ ಕರೆಯಿರಿ.