ಗೋಲ್‌ಕೀಪರ್ ಮುಂದೆ ನಿಂತ ನಾಯಕ

1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಭಾರತ ಹಾಕಿ ತಂಡದ ನಾಯಕ ಯಾರು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಪರಿಚಯವಿರುವಂಥ ಪ್ರಶ್ನೆ ಇದು. ಹಾಕಿ ಎಂದ ಕೂಡಲೇ ಧ್ಯಾನ್‌ಚಂದ್ ಹೆಸರು ನೆನಪಿಗೆ ಬರುವುದು ಸಹಜ. ಆದರೆ ಸರಿಯುತ್ತರ ಜೈಪಾಲ್ ಸಿಂಗ್ ಮುಂಡಾ. ಒಂದು ಅಂಕ ಸಿಕ್ಕಿತೆಂದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಆ ಒಂದು ಅಂಕದ ಹಿಂದೆ ಎಂಥ ಬದುಕಿತ್ತು ಎಂದು ತಿರುಗಿ ನೋಡುವಷ್ಟು ಪುರುಸೊತ್ತು ನಮಗಿರುವುದಿಲ್ಲ.

ಆ ಒಲಿಂಪಿಕ್ಸ್‌ನಲ್ಲಿ ಭಾರತ ಐದು ಪಂದ್ಯ ಆಡಿ, ಐದನ್ನೂ ಗೆದ್ದು, ಹಾಕಿಯಲ್ಲಿ ತನ್ನ ಮೊದಲ ಚಿನ್ನದ ಪದಕ ಪಡೆಯಿತು. ಒಟ್ಟು 29 ಗೋಲು ಹೊಡೆಯಿತು. ಅದರಲ್ಲಿ 14 ಗೋಲು ಧ್ಯಾನ್‌ಚಂದ್ ಒಬ್ಬರದೇ. ಈ ಲೆಕ್ಕ ಎಲ್ಲರಿಗೂ ಗೊತ್ತು. ಇದರ ಪಕ್ಕದಲ್ಲೇ ಇನ್ನೊಂದು ಲೆಕ್ಕವಿದೆ. ಐದೂ ಪಂದ್ಯ ಸೇರಿ ಎದುರಾಳಿಗಳು ಭಾರತದ ವಿರುದ್ಧ ಹೊಡೆದ ಗೋಲು ಸೊನ್ನೆ. ಗೋಲಿನಲ್ಲಿ ನಿಂತಿದ್ದವರು ರಿಚರ್ಡ್ ಅಲೆನ್. ಆ ಸೊನ್ನೆಗಾಗಿ ಅವರನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಯಾವ ಗೋಲ್‌ಕೀಪರೂ ಒಬ್ಬನೇ ನಿಂತು ಸೊನ್ನೆ ಉಳಿಸಿಕೊಳ್ಳಲಾರ. ಅವನ ಮುಂದೆ ಫುಲ್‌ಬ್ಯಾಕ್‌ಗಳು ಇರಬೇಕು. ಜೈಪಾಲ್ ಸಿಂಗ್ ಆಡುತ್ತಿದ್ದದ್ದು ಆ ಜಾಗದಲ್ಲಿ.

ಹಾಕಿ ನೋಡಿ ಅಭ್ಯಾಸವಿಲ್ಲದವರಿಗಾಗಿ ಈ ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಆಗಿನ ಕಾಲದ ತಂಡದಲ್ಲಿ ಐವರು ಫಾರ್ವರ್ಡ್‌ಗಳು, ಮೂವರು ಹಾಫ್‌ಬ್ಯಾಕ್‌ಗಳು, ಇಬ್ಬರು ಫುಲ್‌ಬ್ಯಾಕ್‌ಗಳು, ಒಬ್ಬ ಗೋಲ್‌ಕೀಪರ್. ಹಾಕಿಯಲ್ಲಿ ದೂರದಿಂದ ಚೆಂಡು ಬಾರಿಸಿ ಗೋಲು ಮಾಡಲು ಆಗುವುದಿಲ್ಲ. ಗೋಲಿನ ಎದುರಿಗೆ ಎಳೆದಿರುವ ಡಿ ಆಕಾರದ ಗೆರೆಯೊಳಗೆ ಬಂದು ಹೊಡೆದರೆ ಮಾತ್ರ ಅದು ಗೋಲು. ಹಾಗಾಗಿ ಫುಲ್‌ಬ್ಯಾಕ್‌ನ ಮೊದಲ ಕೆಲಸ, ಚೆಂಡು ಡಿ ಒಳಗೆ ಬಾರದಂತೆ ನೋಡಿಕೊಳ್ಳುವುದು. ಅದು ಆಗದೇ ಹೋದರೆ ಎದುರಾಳಿಯನ್ನು ನಡುವಿನಿಂದ ಅಂಚಿಗೆ ತಳ್ಳುವುದು. ಅಂಚಿಗೆ ಹೋದಷ್ಟೂ ಅವನಿಗೆ ಕಾಣುವ ಗೋಲು ಕಿರಿದಾಗುತ್ತದೆ, ಗೋಲ್‌ಕೀಪರ್ ಕೆಲಸ ಹಗುರಾಗುತ್ತದೆ.

ಇಬ್ಬರು ಫುಲ್‌ಬ್ಯಾಕ್‌ಗಳೂ ಒಂದೇ ಚೆಂಡಿನ ಹಿಂದೆ ಓಡಿದರೆ ಮನೆ ಬಾಗಿಲು ತೆರೆದಿಟ್ಟು ಸಂತೆಗೆ ಹೋದಂತೆ. ಒಬ್ಬ ಮುನ್ನುಗ್ಗಿ ಎದುರಾಳಿಯನ್ನು ತಡೆಯಲು ಹೋದರೆ, ಇನ್ನೊಬ್ಬ ನಾಲ್ಕು ಹೆಜ್ಜೆ ಹಿಂದೆ ನಿಂತು ಅವನ ಬೆನ್ನು ಕಾಯಬೇಕು. ಗೋಲ್‌ಕೀಪರ್ ಕಣ್ಣಿಗೆ ಅಡ್ಡ ನಿಲ್ಲಬಾರದು. ಕಾಣದ ಚೆಂಡನ್ನು ಅವನು ಹೇಗೆ ತಡೆದಾನು? ಅವನ ಪ್ಯಾಡಿಗೆ ಬಡಿದು ಚಿಮ್ಮಿದ ಚೆಂಡನ್ನು ಎದುರಾಳಿಗಿಂತ ಮೊದಲು ಹೋಗಿ ತೆಗೆಯಬೇಕು. ತೆಗೆದ ಚೆಂಡನ್ನು ಎಲ್ಲಿಗಾದರೂ ಬಾರಿಸಿ ಕೈ ತೊಳೆದುಕೊಂಡರೆ ಸಾಲದು, ನಮ್ಮವನೇ ಒಬ್ಬನ ಸ್ಟಿಕ್‌ಗೆ ತಲುಪಿಸಬೇಕು. ತಂಡದ ಮುಂದಿನ ದಾಳಿ ಶುರುವಾಗುವುದು ಅಲ್ಲಿಂದಲೇ. ಅವಸರಪಟ್ಟು ಒರಟಾಗಿ ಅಡ್ಡಗಟ್ಟಿದರೆ ಪೆನಾಲ್ಟಿ ಕಾರ್ನರ್ ಕೊಟ್ಟು, ತನ್ನ ತಪ್ಪಿನ ಭಾರವನ್ನು ಗೋಲ್‌ಕೀಪರ್ ತಲೆಗೆ ಕಟ್ಟಿದಂತಾಗುತ್ತದೆ. ಜೈಪಾಲ್ ಸಿಂಗ್ ಹೆಸರು ಮಾಡಿದ್ದು ಈ ವಿಷಯದಲ್ಲೇ. ಎದುರಾಳಿಯ ಮೈಗೆ ತಾಗದೆ ಚೆಂಡನ್ನಷ್ಟೇ ಕಸಿಯುವ ಅಚ್ಚುಕಟ್ಟಾದ ಟ್ಯಾಕಲ್, ಗುರಿ ತಪ್ಪದ ಬಲವಾದ ಹೊಡೆತ ಮತ್ತು ದುಡುಕದ ಆಟ ಅವರದು ಎಂದು ಆಗಿನವರು ಮೆಚ್ಚಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಮಾಡಿದರೂ ಅಂಕಪಟ್ಟಿಯಲ್ಲಿ ಫುಲ್‌ಬ್ಯಾಕ್‌ನ ಹೆಸರು ಬರುವುದಿಲ್ಲ. ಅವನ ಕೆಲಸ ಚೆನ್ನಾಗಿ ನಡೆದ ದಿನ ಅಲ್ಲಿ ಕಾಣುವುದು ಒಂದು ಸೊನ್ನೆ ಮಾತ್ರ.

ಜೈಪಾಲ್ ಸಿಂಗ್ ಹುಟ್ಟಿದ್ದು 1903ರ ಜನವರಿ 3ರಂದು, ಈಗಿನ ಜಾರ್ಖಂಡ್‌ನ ಖೂಂಟಿ ಸಮೀಪದ ಟಕರಾ ಎಂಬ ಹಳ್ಳಿಯ ಮುಂಡಾ ಬುಡಕಟ್ಟಿನ ಕುಟುಂಬದಲ್ಲಿ. ಚಿಕ್ಕಂದಿನಲ್ಲಿ ದನ ಕಾಯುತ್ತಿದ್ದ ಹುಡುಗ. ರಾಂಚಿಯಲ್ಲಿ ಮಿಷನರಿಗಳು ನಡೆಸುತ್ತಿದ್ದ ಸೇಂಟ್ ಪಾಲ್ಸ್ ಶಾಲೆಗೆ ಸೇರಿದ ಮೇಲೆ ಅವರ ಚುರುಕುತನ ಶಾಲೆಯ ಮುಖ್ಯಸ್ಥರ ಕಣ್ಣಿಗೆ ಬಿತ್ತು. ಅವರ ನೆರವಿನಿಂದಲೇ ಇಂಗ್ಲೆಂಡ್‌ಗೆ ಹೋದರು. ಆಕ್ಸ್‌ಫರ್ಡ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದರು. ಅಲ್ಲಿನ ಹಾಕಿ ತಂಡಕ್ಕೆ ಆಯ್ಕೆಯಾಗಿ, ಆಕ್ಸ್‌ಫರ್ಡ್ ಬ್ಲೂ ಎಂಬ ಗೌರವವನ್ನೂ ಪಡೆದರು. ಓದು, ಆಟ ಎರಡನ್ನೂ ತೂಗಿಸಿಕೊಂಡು ಹೋಗುತ್ತಲೇ ಐಸಿಎಸ್‌ಗೂ ಆಯ್ಕೆಯಾದರು. ಆ ಕಾಲದ ಐಸಿಎಸ್ ಅಂದರೆ ಇಂದಿನ ಐಎಎಸ್‌ಗಿಂತಲೂ ದೊಡ್ಡ ಮಾತು. ದೇಶವನ್ನು ಆಳುತ್ತಿದ್ದವರ ಸಾಲಿನಲ್ಲಿ ಕುರ್ಚಿ ಸಿಕ್ಕಂತೆ. ದನ ಕಾಯುತ್ತಿದ್ದ ಆದಿವಾಸಿ ಹುಡುಗನೊಬ್ಬ ಅಲ್ಲಿಗೆ ತಲುಪಿದ್ದು ಸಾಮಾನ್ಯ ಸಂಗತಿಯಲ್ಲ.

ಅವರು ಇಂಗ್ಲೆಂಡಿನಲ್ಲಿ ತರಬೇತಿಯಲ್ಲಿದ್ದಾಗಲೇ 1928 ಬಂತು. ಭಾರತದ ಹಾಕಿ ತಂಡ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಹೊರಟಿತ್ತು. ಮಾರ್ಚ್‌ನಲ್ಲಿ ಬಾಂಬೆಯಿಂದ ಹಡಗು ಹತ್ತಿದ ಆಟಗಾರರನ್ನು ಬೀಳ್ಕೊಡಲು ಬಂದವರು ಬೆರಳೆಣಿಕೆಯಷ್ಟು ಜನ. ನಾಯಕನ ಸ್ಥಾನಕ್ಕೆ ಆಯ್ಕೆಯಾದವರು ಜೈಪಾಲ್ ಸಿಂಗ್. ಅವರು ತಂಡ ಸೇರಿಕೊಂಡದ್ದು ಇಂಗ್ಲೆಂಡಿನಲ್ಲಿ. ಆದರೆ ಒಲಿಂಪಿಕ್ಸ್‌ಗೆ ಹೋಗಲು ಅವರಿಗೆ ರಜೆ ಬೇಕಿತ್ತು. ಲಂಡನ್ನಿನ ಇಂಡಿಯಾ ಆಫೀಸು ರಜೆ ಕೊಡಲಿಲ್ಲ.

ಈಗ ಅವರ ಜಾಗದಲ್ಲಿ ನಮ್ಮನ್ನು ನಿಲ್ಲಿಸಿಕೊಂಡು ನೋಡೋಣ. ವರ್ಷಗಟ್ಟಲೆ ಓದಿ, ಲಕ್ಷಕ್ಕೊಬ್ಬರಿಗೆ ಸಿಗುವ ಕೆಲಸ ಕೈಗೆ ಬಂದಿದೆ. ಒಂದು ಕಡೆ ಅದು, ಇನ್ನೊಂದು ಕಡೆ ಕೆಲವೇ ದಿನಗಳ ಆಟ. ಜೈಪಾಲ್ ಸಿಂಗ್ ರಜೆಯಿಲ್ಲದೆಯೇ ಆಮ್‌ಸ್ಟರ್‌ಡ್ಯಾಂಗೆ ಹೋದರು. ತಿರುಗಿ ಬಂದಾಗ, ಒಂದು ವರ್ಷದ ತರಬೇತಿಯನ್ನು ಮತ್ತೆ ಮಾಡಬೇಕು ಎಂಬ ಷರತ್ತು ಎದುರಾಯಿತು. ಅವರು ಒಪ್ಪಲಿಲ್ಲ. ಐಸಿಎಸ್ ಬಿಟ್ಟುಬಿಟ್ಟರು.

ಇದನ್ನು ಓದಿ ಯಾರೂ ನಾಳೆಯೇ ರಾಜೀನಾಮೆ ಬರೆಯಬೇಕಾಗಿಲ್ಲ. ಅವರ ಕೈಯಲ್ಲಿ ಆಕ್ಸ್‌ಫರ್ಡ್ ಪದವಿ ಇತ್ತು. ಮುಂದೆ ಬರ್ಮಾ ಶೆಲ್ ಕಂಪನಿಯಲ್ಲಿ ಅಧಿಕಾರಿಯ ಕೆಲಸ ಸಿಕ್ಕಿತು. ಆಮೇಲೆ ಈಗಿನ ಘಾನಾದ ಅಚಿಮೋಟಾ ಕಾಲೇಜಿನಲ್ಲಿ, ಬಳಿಕ ರಾಯಪುರದ ರಾಜಕುಮಾರ ಕಾಲೇಜಿನಲ್ಲಿ ಕೆಲಸ ಮಾಡಿದರು. ಮನೆಯ ಜವಾಬ್ದಾರಿ ಹೊತ್ತ ನಮ್ಮಲ್ಲಿ ಅನೇಕರಿಗೆ ಅಂಥ ಆಯ್ಕೆಗಳಿರುವುದಿಲ್ಲ. ನಾವು ಗಮನಿಸಬೇಕಾದ್ದು ಬೇರೆ. ಕೆಲಸ ದೊಡ್ಡದೋ ಆಟ ದೊಡ್ಡದೋ ಎಂದಷ್ಟೇ ಅಲ್ಲ, ತನ್ನನ್ನು ನೆಚ್ಚಿಕೊಂಡು ನಿಂತವರು ಯಾರು ಎಂದೂ ಆ ಸಂದರ್ಭ ಕೇಳುತ್ತಿತ್ತು. ಸಮುದ್ರ ದಾಟಿ ಬಂದ ತಂಡವೊಂದು ಅವರನ್ನು ನಾಯಕ ಎಂದು ಒಪ್ಪಿಕೊಂಡಿತ್ತು.

ಕಥೆ ಇಲ್ಲಿಗೆ ಸುಖಾಂತ್ಯವಾಗಿದ್ದರೆ ಹೇಳುವುದು ಸುಲಭವಿತ್ತು. ಆದರೆ ಮೇ 26ರಂದು ಆತಿಥೇಯ ನೆದರ್‌ಲೆಂಡ್ಸ್ ವಿರುದ್ಧ ನಡೆದ ಫೈನಲ್‌ನಲ್ಲಿ ಜೈಪಾಲ್ ಸಿಂಗ್ ಮೈದಾನದಲ್ಲಿ ಇರಲಿಲ್ಲ. ಭಿನ್ನಾಭಿಪ್ರಾಯದಿಂದಾಗಿ ಫೈನಲ್‌ಗೆ ಮೊದಲೇ ಅವರು ತಂಡದಿಂದ ದೂರವಾದರು. ಎರಿಕ್ ಪಿನ್ನಿಗರ್ ನಾಯಕತ್ವ ವಹಿಸಿಕೊಂಡರು. ಜ್ವರದಲ್ಲೇ ಆಡಿದ ಧ್ಯಾನ್‌ಚಂದ್ ಗೋಲು ಹೊಡೆದರು, ಭಾರತ 3-0ಯಿಂದ ಗೆದ್ದಿತು. ಅಲ್ಲೂ ಎದುರಾಳಿಯ ಲೆಕ್ಕ ಸೊನ್ನೆಯೇ. ತಂಡದಲ್ಲಿದ್ದ ಇತರ ಫುಲ್‌ಬ್ಯಾಕ್‌ಗಳಾದ ಮೈಕೆಲ್ ರಾಕ್, ಲೆಸ್ಲಿ ಹ್ಯಾಮಂಡ್ ಅವರ ಹೆಸರನ್ನೂ ಅಲೆನ್ ಜೊತೆ ನೆನೆಯಬೇಕು. ಒಬ್ಬರು ಇಲ್ಲದಿದ್ದರೂ ಗೋಡೆ ಬೀಳಲಿಲ್ಲ. ರಕ್ಷಣೆ ಎಂಬುದು ಒಬ್ಬ ವೀರನ ಕೆಲಸವಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಯಾವುದಕ್ಕಾಗಿ ಐಸಿಎಸ್ ಅನ್ನೇ ಪಣಕ್ಕಿಟ್ಟರೋ ಆ ಗೆಲುವಿನ ದಿನ ಅವರು ಅಲ್ಲಿರಲಿಲ್ಲ ಎಂಬ ನೋವೂ ಇದೇ ಕಥೆಯಲ್ಲಿದೆ.

ಹತ್ತು ವರ್ಷ ಕಳೆದ ಮೇಲೆ ಜೈಪಾಲ್ ಸಿಂಗ್ ಮತ್ತೆ ಫುಲ್‌ಬ್ಯಾಕ್ ಜಾಗಕ್ಕೆ ಬಂದರು. ಈ ಬಾರಿ ಮೈದಾನ ಬೇರೆ. 1939ರಲ್ಲಿ ರಾಂಚಿಯಲ್ಲಿ ಆದಿವಾಸಿ ಮಹಾಸಭಾದ ಅಧ್ಯಕ್ಷರಾದರು. ಛೋಟಾನಾಗಪುರದ ಆದಿವಾಸಿಗಳ ಭೂಮಿ, ಕಾಡು ಪರರ ಪಾಲಾಗುತ್ತಿದ್ದ ಕಾಲವದು. 1946ರಲ್ಲಿ ಬಿಹಾರದಿಂದ ಸಂವಿಧಾನ ರಚನಾ ಸಭೆಗೆ ಆಯ್ಕೆಯಾದರು. ಆ ವರ್ಷದ ಡಿಸೆಂಬರ್ 19ರಂದು ಧ್ಯೇಯಗಳ ನಿರ್ಣಯದ ಮೇಲೆ ಮಾತನಾಡಿದಾಗ, ತಾನು ಕಾಡಿನವನು ಎಂದು ಹೇಳಿಕೊಳ್ಳಲು ಅವರು ನಾಚಲಿಲ್ಲ. ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ, ಅದನ್ನು ಅವರಿಂದಲೇ ಕಲಿಯಬಹುದು ಎಂಬ ಅರ್ಥದ ಮಾತನ್ನು ಘಟಾನುಘಟಿಗಳ ಎದುರು ಆಡಿದರು.

ಅಲ್ಲಿ ಅವರು ಆಡಿದ ಆಟದಲ್ಲೂ ದುಡುಕಿರಲಿಲ್ಲ. ರಾಷ್ಟ್ರದ ಧ್ಯೇಯಗಳನ್ನು ಹೇಳುವ ಆ ನಿರ್ಣಯವನ್ನು ಅವರು ಬೆಂಬಲಿಸಿದರು. ಆದರೆ ತನ್ನವರಿಗೆ ಪೆಟ್ಟು ಬೀಳಬಹುದಾದ ಕಡೆಯಲ್ಲೆಲ್ಲ ಎದ್ದು ನಿಂತರು. ಪಾನನಿಷೇಧದ ವಿಚಾರ ಬಂದಾಗ, ಅಕ್ಕಿಯಿಂದ ಮಾಡುವ ಪಾನೀಯ ಆದಿವಾಸಿಗಳ ಪೂಜೆಯಲ್ಲಿ, ಗದ್ದೆಯ ದುಡಿಮೆಯಲ್ಲಿ ಬೆರೆತುಹೋಗಿದೆ ಎಂದು ನೆನಪಿಸಿದರು. ಪರಿಶಿಷ್ಟ ಪಂಗಡ ಎಂಬ ಹೆಸರಿನ ಬದಲು ಆದಿವಾಸಿ ಎಂಬ ಪದವೇ ಇರಲಿ ಎಂದು ಪಟ್ಟು ಹಿಡಿದರು. ಆ ವಾದದಲ್ಲಿ ಅವರಿಗೆ ಗೆಲುವು ಸಿಗಲಿಲ್ಲ. ಇವತ್ತು ನಾವು ಅರ್ಜಿ ತುಂಬುವಾಗ ಕಾಣುವ ಎಸ್‌ಟಿ ಎಂಬ ಎರಡಕ್ಷರದ ಹಿಂದೆ ಅಂಥದೊಂದು ಚರ್ಚೆ ನಡೆದಿತ್ತು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಸ್ವಾತಂತ್ರ್ಯದ ನಂತರ ಅವರು ಕಟ್ಟಿದ ಜಾರ್ಖಂಡ್ ಪಾರ್ಟಿ 1952ರ ಚುನಾವಣೆಯಲ್ಲಿ ಬಿಹಾರ ವಿಧಾನಸಭೆಯ 30ಕ್ಕೂ ಹೆಚ್ಚು ಸ್ಥಾನ ಗೆದ್ದು, ಮುಖ್ಯ ವಿರೋಧ ಪಕ್ಷವಾಯಿತು. ಅವರೂ ಲೋಕಸಭೆ ಪ್ರವೇಶಿಸಿದರು. ಆದರೆ ಪ್ರತ್ಯೇಕ ಜಾರ್ಖಂಡ್ ರಾಜ್ಯದ ಬೇಡಿಕೆಯನ್ನು ರಾಜ್ಯ ಪುನರ್‌ವಿಂಗಡಣಾ ಆಯೋಗ ಒಪ್ಪಲಿಲ್ಲ. 1963ರಲ್ಲಿ ಅವರು ತಮ್ಮ ಪಕ್ಷವನ್ನು ಕಾಂಗ್ರೆಸ್‌ನಲ್ಲಿ ವಿಲೀನಗೊಳಿಸಿದರು. ಅವರನ್ನು ಮರಂಗ್ ಗೋಮ್ಕೆ, ಅಂದರೆ ಹಿರಿಯ ನಾಯಕ ಎಂದು ಕರೆಯುತ್ತಿದ್ದವರಲ್ಲೇ ಅನೇಕರಿಗೆ ಇದು ಕಾಯುವವನೇ ಜಾಗ ಬಿಟ್ಟಂತೆ ಕಂಡಿತು. ಅವರ ಬದುಕು ಬರೆಯುವಾಗ ಈ ಮಾತನ್ನು ಮುಚ್ಚಿಡುವಂತಿಲ್ಲ. 1970ರ ಮಾರ್ಚ್ 20ರಂದು ದೆಹಲಿಯಲ್ಲಿ ಅವರು ತೀರಿಕೊಂಡಾಗ ಜಾರ್ಖಂಡ್ ಇನ್ನೂ ಕನಸಾಗಿಯೇ ಇತ್ತು. ಆ ರಾಜ್ಯ ಹುಟ್ಟಿದ್ದು 2000ದ ನವೆಂಬರ್ 15ರಂದು, ಅವರು ಹೋಗಿ 30 ವರ್ಷಗಳಾದ ಮೇಲೆ.

ಅವರು ನಿಂತ ಜಾಗ ಮಾತ್ರ ಖಾಲಿ ಉಳಿಯಲಿಲ್ಲ. ಅದೇ ಆದಿವಾಸಿ ಸೀಮೆಯಿಂದ ಭಾರತ ತಂಡದ ರಕ್ಷಣೆಗೆ ಒಬ್ಬರ ಹಿಂದೊಬ್ಬರು ಬಂದರು. 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಮೈಕೆಲ್ ಕಿಂಡೊ ಇದ್ದರು. ಆ ತಂಡದಲ್ಲೇ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಅವರೂ ಆಡಿದ್ದರು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದಾಗ ಸಿಲ್ವಾನಸ್ ಡುಂಗ್‌ಡುಂಗ್ ಇದ್ದರು, ಜೊತೆಯಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಆಮೇಲೆ ಒಡಿಶಾದ ಸುಂದರ್‌ಗಢದಿಂದ ದಿಲೀಪ್ ಟಿರ್ಕಿ ಬಂದರು. ಜೈಪಾಲ್ ಸಿಂಗ್ ಅವರ ಖೂಂಟಿ ಸೀಮೆಯಿಂದಲೇ ನಿಕ್ಕಿ ಪ್ರಧಾನ್ 2016ರ ರಿಯೊ ಒಲಿಂಪಿಕ್ಸ್‌ಗೆ ಹೋದರು. ರಾಂಚಿಯ ಕ್ರೀಡಾಂಗಣವೊಂದಕ್ಕೆ ಈಗ ಜೈಪಾಲ್ ಸಿಂಗ್ ಅವರ ಹೆಸರಿದೆ.

ಕಾಲೇಜು ಮುಗಿಸಿ ಕೆಲಸ ಹುಡುಕುವ ನಮಗೆಲ್ಲ ಗೋಲು ಹೊಡೆಯುವವರ ಕಥೆಗಳೇ ಹೆಚ್ಚಾಗಿ ಸಿಗುತ್ತವೆ. ರ‍್ಯಾಂಕ್ ಬಂದವರು, ದೊಡ್ಡ ಸಂಬಳದ ಪ್ಯಾಕೇಜ್ ಪಡೆದವರು, ಮೊದಲ ಪ್ರಯತ್ನದಲ್ಲೇ ಪಾಸಾದವರು. ಆದರೆ ನಮ್ಮಲ್ಲಿ ಬಹುಪಾಲು ಜನರಿಗೆ ನಾಳೆ ಸಿಗುವುದು ಫುಲ್‌ಬ್ಯಾಕ್ ಜಾಗವೇ. ಕಚೇರಿಯಲ್ಲಿ ಇನ್ನೊಬ್ಬರ ತಪ್ಪು ದೊಡ್ಡದಾಗದಂತೆ ತಡೆಯುವವರು, ರೋಗಿಯ ಪಕ್ಕ ರಾತ್ರಿಯಿಡೀ ಎಚ್ಚರವಿರುವ ನರ್ಸ್, ಲೈನ್ ಕೆಟ್ಟಾಗ ಮಳೆಯಲ್ಲೇ ಕಂಬ ಹತ್ತುವ ಲೈನ್‌ಮನ್. ಇವರ ಕೆಲಸ ಸರಿಯಾಗಿ ನಡೆದ ದಿನ ಸುದ್ದಿಯೇನೂ ಇರುವುದಿಲ್ಲ. ಆ ದಿನದ ಲೆಕ್ಕದಲ್ಲೂ ಸೊನ್ನೆಯೇ ಇರುತ್ತದೆ.

ಮುಂದಿನ ಸಲ ಹಾಕಿ ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು ಐದು ನಿಮಿಷ ಒಬ್ಬ ಡಿಫೆಂಡರ್‌ನನ್ನಷ್ಟೇ ನೋಡಿ. ಚೆಂಡು ಎದುರಾಳಿಯ ಡಿಯಲ್ಲಿದ್ದಾಗಲೂ ಅವನು ಎಲ್ಲಿ ನಿಂತಿರುತ್ತಾನೆ, ಯಾರನ್ನು ಕೂಗಿ ಎಚ್ಚರಿಸುತ್ತಾನೆ, ಹಿಂದಿರುವ ಗೋಲ್‌ಕೀಪರ್ ಕಡೆ ಎಷ್ಟು ಬಾರಿ ತಿರುಗಿ ನೋಡುತ್ತಾನೆ ಎಂದು ಗಮನಿಸಿ. ಆಮೇಲೆ ಪರೀಕ್ಷೆಯಲ್ಲಿ ಜೈಪಾಲ್ ಸಿಂಗ್ ಮುಂಡಾ ಹೆಸರಿಗೆ ಟಿಕ್ ಹಾಕುವಾಗ, ಆ ಒಂದು ಅಂಕ ಸ್ವಲ್ಪ ಭಾರವೆನಿಸೀತು.